ಉಳಿಕೆ ಜಠರದ ಕ್ಯಾನ್ಸರ್: ಬೆಂಗಳೂರು ಗ್ರಾಮಾಂತರ ಪ್ರದೇಶದ ವೈದ್ಯಕೀಯ ಇತಿಹಾಸದ ಒಂದು ಅಧ್ಯಾಯ

ಕರ್ನಾಟಕದ ವೈದ್ಯಕೀಯ ಇತಿಹಾಸವನ್ನು ಕುರಿತ ಬರವಣಿಗೆಗಳಲ್ಲಿ ಪ್ಲೇಗು, ಸಿಡುಬು, ಮಲೇರಿಯ, ಕ್ಷಯ ಮೊದಲಾದ ಸಾಂಕ್ರಾಮಿಕ ರೋಗಗಳಿಗೆ ದೊರೆತಿರುವ ಸ್ಥಾನ ಶಸ್ತ್ರಚಿಕಿತ್ಸೆಯ ಇತಿಹಾಸಕ್ಕೆ ದೊರೆತಿಲ್ಲ. ಆಸ್ಪತ್ರೆಗಳ ಸ್ಥಾಪನೆ, ಅವುಗಳಿಗೆ ಆಶ್ರಯವಿತ್ತ ಅರಸರು, ಕಟ್ಟಡಗಳ ವೈಭವ ಇವುಗಳ ವಿವರ ಸಾಕಷ್ಟು ಸಿಗುತ್ತದೆ. ಆದರೆ ಆ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾಗಿ ಊರಿಗೆ ಮರಳಿದವರು ಮುಂದಿನ ಇಪ್ಪತ್ತು, ಮೂವತ್ತು ವರ್ಷಗಳನ್ನು ಹೇಗೆ ಕಳೆದರು ಎಂಬುದು ಇತಿಹಾಸದ ಪ್ರಶ್ನೆಯಾಗಿ ಕಾಣಿಸಿಕೊಂಡದ್ದು ಕಡಿಮೆ. ಹೊಟ್ಟೆಹುಣ್ಣಿಗಾಗಿ ಜಠರದ ಒಂದು ಭಾಗವನ್ನು ತೆಗೆಸಿಕೊಂಡವರಲ್ಲಿ, ಉಳಿದ ಭಾಗದಲ್ಲಿ ಹಲವು ವರ್ಷಗಳ ನಂತರ ಕಾಣಿಸಿಕೊಳ್ಳುವ ಕ್ಯಾನ್ಸರ್ ಈ ಪ್ರಶ್ನೆಯನ್ನು ಅನಿವಾರ್ಯವಾಗಿ ಎತ್ತುತ್ತದೆ. ಈ ರೋಗದ ಸ್ವರೂಪವನ್ನು ವಿವರಿಸಿ, ಹಳೆಯ ಮೈಸೂರು ಪ್ರದೇಶದೊಂದಿಗೆ, ವಿಶೇಷವಾಗಿ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳೊಂದಿಗೆ ಅದಕ್ಕಿರುವ ಸಂಬಂಧವನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಜಠರಛೇದನದ ಹಿನ್ನೆಲೆ

ಜಠರದ ಭಾಗವನ್ನು ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆಯ ಇತಿಹಾಸ ಆರಂಭವಾಗುವುದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. 1879ರಲ್ಲಿ ಫ್ರಾನ್ಸಿನ ಪೇಯಾನ್ ಮತ್ತು 1880ರಲ್ಲಿ ಪೋಲೆಂಡಿನ ರಿಡಿಗಿಯರ್ ಇದನ್ನು ಪ್ರಯತ್ನಿಸಿದರೂ ಅವರ ರೋಗಿಗಳು ಉಳಿಯಲಿಲ್ಲ. 1881ರ ಜನವರಿ 29ರಂದು ವಿಯೆನ್ನಾದಲ್ಲಿ ಥಿಯೊಡೋರ್ ಬಿಲ್‌ರಾತ್ ನಡೆಸಿದ ಶಸ್ತ್ರಚಿಕಿತ್ಸೆ ಮೊದಲ ಬಾರಿಗೆ ಯಶಸ್ವಿಯಾಯಿತು. ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಆ ರೋಗಿ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಂಡರೂ ಸುಮಾರು ನಾಲ್ಕು ತಿಂಗಳ ನಂತರ ರೋಗ ಹರಡಿ ತೀರಿಕೊಂಡರು. ಅದೇ ವರ್ಷದ ನವೆಂಬರ್‌ನಲ್ಲಿ ರಿಡಿಗಿಯರ್ ಇದೇ ವಿಧಾನವನ್ನು ಹುಣ್ಣಿನ ಚಿಕಿತ್ಸೆಗೆ ಬಳಸಿದರು.

ಉಳಿದ ಜಠರವನ್ನು ಸಣ್ಣಕರುಳಿನ ಮೊದಲ ಭಾಗವಾದ ಡುಯೋಡಿನಮ್‌ಗೆ ನೇರವಾಗಿ ಜೋಡಿಸುವ ಕ್ರಮವನ್ನು ಬಿಲ್‌ರಾತ್ ಒಂದು ಎಂದೂ, ಡುಯೋಡಿನಮ್‌ನ ಬಾಯಿಯನ್ನು ಮುಚ್ಚಿ ಜಠರವನ್ನು ಅದರ ಮುಂದಿನ ಭಾಗವಾದ ಜೆಜುನಮ್‌ಗೆ ಜೋಡಿಸುವ, 1885ರಲ್ಲಿ ಬಳಕೆಗೆ ಬಂದ ಕ್ರಮವನ್ನು ಬಿಲ್‌ರಾತ್ ಎರಡು ಎಂದೂ ಕರೆಯಲಾಗುತ್ತದೆ. ಜಠರವನ್ನು ಕತ್ತರಿಸದೆ ಜೆಜುನಮ್‌ಗೆ ಪಕ್ಕದ ದಾರಿಯೊಂದನ್ನು ಮಾಡಿಕೊಡುವ ಮೂರನೆಯ ಕ್ರಮವನ್ನು 1881ರಲ್ಲಿಯೇ ವೋಲ್‌ಫ್ಲರ್ ಆರಂಭಿಸಿದ್ದರು. 1943ರಲ್ಲಿ ಅಮೆರಿಕದ ಡ್ರ್ಯಾಗ್‌ಸ್ಟೆಟ್ ಆಮ್ಲದ ಉತ್ಪತ್ತಿಯನ್ನು ಪ್ರಚೋದಿಸುವ ವೇಗಸ್ ನರವನ್ನು ಕತ್ತರಿಸುವ ವಿಧಾನವನ್ನು ಮುಂದಿಟ್ಟರು. ಇಪ್ಪತ್ತನೆಯ ಶತಮಾನದ ನಡುವಿನ ದಶಕಗಳಲ್ಲಿ ಹೊಟ್ಟೆಹುಣ್ಣಿಗೆ ಪರಿಣಾಮಕಾರಿಯಾದ ಔಷಧವಿರಲಿಲ್ಲ. ಹುಣ್ಣು ಒಡೆದಾಗ, ರಕ್ತ ಸುರಿದಾಗ, ಜಠರದ ಹೊರದಾರಿ ಕಟ್ಟಿಕೊಂಡಾಗ ಶಸ್ತ್ರಚಿಕಿತ್ಸೆಯೊಂದೇ ಉಳಿದ ದಾರಿಯಾಗಿತ್ತು.

ಈ ಚಿಕಿತ್ಸೆ ವ್ಯಾಪಕವಾಗುತ್ತಿದ್ದ ಕಾಲದಲ್ಲಿಯೇ ಅದರ ದೂರದ ಪರಿಣಾಮದ ಸೂಚನೆಯೂ ಸಿಕ್ಕಿತ್ತು. 1922ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಡೊನಾಲ್ಡ್ ಬಾಲ್‌ಫೋರ್ ಜಠರದ ಹುಣ್ಣಿಗೆ ಶಸ್ತ್ರಚಿಕಿತ್ಸೆಯಾದವರ ಆಯುಷ್ಯವನ್ನು ಪರಿಶೀಲಿಸುವಾಗ, ಕೆಲವರಲ್ಲಿ ಮುಂದೆ ಜಠರದ ಕ್ಯಾನ್ಸರ್ ಕಾಣಿಸಿಕೊಂಡುದನ್ನು ದಾಖಲಿಸಿದರು. ಉಳಿಕೆ ಜಠರದ ಕ್ಯಾನ್ಸರ್ ಕುರಿತ ಮೊದಲ ವರದಿ ಎಂದು ಇದನ್ನು ಪರಿಗಣಿಸಲಾಗಿದೆ. ಬಾಲ್‌ಫೋರ್ ಅವರಿಗೆ ಇದು ಗೋಚರವಾದದ್ದು ಶಸ್ತ್ರಚಿಕಿತ್ಸೆಯಾದವರನ್ನು ಪತ್ರಮುಖೇನ ಹಾಗೂ ಮರುತಪಾಸಣೆಯ ಮೂಲಕ ಹಿಂಬಾಲಿಸುವ ಕ್ರಮ ಆ ಕಾಲದ ಅಂಥ ದೊಡ್ಡ ಚಿಕಿತ್ಸಾಲಯಗಳಲ್ಲಿ ರೂಢಿಗೆ ಬಂದಿದ್ದುದರಿಂದ ಎಂಬುದನ್ನು ಇಲ್ಲಿ ನೆನೆಯಬೇಕು.

ದಕ್ಷಿಣ ಭಾರತದ ಹೊಟ್ಟೆಹುಣ್ಣು ಮತ್ತು ಆಹಾರದ ಪ್ರಶ್ನೆ

ದಕ್ಷಿಣ ಭಾರತದಲ್ಲಿ ಹೊಟ್ಟೆಹುಣ್ಣು, ಅದರಲ್ಲಿಯೂ ಡುಯೋಡಿನಮ್‌ನ ಹುಣ್ಣು, ಬಹಳ ಸಾಮಾನ್ಯವೆಂಬುದು ಬ್ರಿಟಿಷರ ಕಾಲದಿಂದಲೂ ವೈದ್ಯರ ಗಮನಕ್ಕೆ ಬಂದಿತ್ತು. ಕೂನೂರಿನಲ್ಲಿ ಪೋಷಣಾ ಸಂಶೋಧನೆಯನ್ನು ನಡೆಸುತ್ತಿದ್ದ ರಾಬರ್ಟ್ ಮೆಕ್ಯಾರಿಸನ್ ಭಾರತದ ಬೇರೆಬೇರೆ ಪ್ರಾಂತ್ಯಗಳ ಆಹಾರವನ್ನು ಇಲಿಗಳಿಗೆ ಉಣಿಸಿ, ತಿರುವಾಂಕೂರಿನ ಮರಗೆಣಸು ಪ್ರಧಾನವಾದ ಆಹಾರ ಮತ್ತು ಮದರಾಸಿನ ಬಡವರ ಅಕ್ಕಿ ಪ್ರಧಾನವಾದ ಆಹಾರ ತಿಂದ ಇಲಿಗಳಲ್ಲಿ ಜಠರದ ಹುಣ್ಣುಗಳನ್ನು ಕಂಡರು. 1922ರ ಎವರೆಸ್ಟ್ ಆರೋಹಣ ತಂಡದಲ್ಲಿದ್ದು, ನಂತರ ತಿರುವಾಂಕೂರಿನ ನೆಯ್ಯೂರು ಮಿಷನ್ ಆಸ್ಪತ್ರೆಯಲ್ಲಿ ನೆಲೆಸಿದ ಹೊವಾರ್ಡ್ ಸೊಮರ್‌ವೆಲ್ ಹುಣ್ಣಿನ ರೋಗಿಗಳಿಗೆ ದೊಡ್ಡ ಸಂಖ್ಯೆಯಲ್ಲಿ ಶಸ್ತ್ರಚಿಕಿತ್ಸೆ ನಡೆಸಿ ಅದರ ಅನುಭವವನ್ನು 1930ರ ದಶಕದಲ್ಲಿ ಪ್ರಕಟಿಸಿದರು. ಮುಂದೆ 1964ರಲ್ಲಿ ಎಸ್. ಎಲ್. ಮಲ್ಹೋತ್ರ ರೈಲ್ವೆ ನೌಕರರನ್ನು ಅಧ್ಯಯನ ಮಾಡಿ, ಅಕ್ಕಿ ಉಣ್ಣುವ ದಕ್ಷಿಣದವರಿಗೂ ಗೋಧಿ ಉಣ್ಣುವ ಉತ್ತರದವರಿಗೂ ಹುಣ್ಣಿನ ಪ್ರಮಾಣದಲ್ಲಿ ಇರುವ ಅಂತರವನ್ನು ತೋರಿಸಿದರು.

ಈ ಚರ್ಚೆಯಲ್ಲಿ ಹಳೆಯ ಮೈಸೂರಿನ ಸ್ಥಾನ ವಿಶಿಷ್ಟವಾದುದು. ಬೆಂಗಳೂರಿನ ಸುತ್ತಲಿನ ತಾಲ್ಲೂಕುಗಳು ದಕ್ಷಿಣದವಾದರೂ ಕೇವಲ ಅಕ್ಕಿಯ ಸೀಮೆಗಳಲ್ಲ. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳ ಕೆಂಪು ಮಣ್ಣಿನ ಹೊಲಗಳಲ್ಲಿ ಕೆರೆ ಹಿಂದಿನ ಗದ್ದೆಗಳನ್ನು ಬಿಟ್ಟರೆ ಉಳಿದುದು ರಾಗಿಯೇ. ರಾಗಿಯೊಂದಿಗೆ ಅವರೆ, ತೊಗರಿ, ಹುರುಳಿ. ಮುದ್ದೆ ಮತ್ತು ಹುರುಳಿಸಾರು ಇಲ್ಲಿನ ಒಕ್ಕಲು ಮನೆತನಗಳ ನಿತ್ಯದ ಊಟವಾಗಿತ್ತು. ದಕ್ಷಿಣದವರ ಹುಣ್ಣಿಗೆ ಅಕ್ಕಿಯ ಊಟವೇ ಕಾರಣವೆಂದು ಒಪ್ಪಿಕೊಳ್ಳುವ ಮುನ್ನ ಈ ರಾಗಿಯ ಸೀಮೆಯ ಕಡೆಗೆ ನೋಡಬೇಕಾಗಿತ್ತು. ಹಾಗೆ ನೋಡಿದವರಲ್ಲಿ ಪ್ರಮುಖರು ಮೈಸೂರಿನಲ್ಲಿದ್ದ ಒಬ್ಬ ಶಸ್ತ್ರವೈದ್ಯರು.

ಮೈಸೂರಿನ ಫ್ರಾಂಕ್ ಟೋವಿ

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ವೆಸ್ಲಿಯನ್ ಮಿಷನ್ನಿನವರು 1906ರಲ್ಲಿ ಸ್ಥಾಪಿಸಿದುದು. ಜನರ ಬಾಯಲ್ಲಿ ಅದು ಇಂದಿಗೂ ಮಿಷನ್ ಆಸ್ಪತ್ರೆ. 1950 ಮತ್ತು 1960ರ ದಶಕಗಳಲ್ಲಿ ಇಲ್ಲಿ ಶಸ್ತ್ರವೈದ್ಯರಾಗಿದ್ದ ಫ್ರಾಂಕ್ ಟೋವಿ, ಹುಣ್ಣಿನ ರೋಗಿಗಳು ಕೆಲವು ಸೀಮೆಗಳಿಂದ ಹೆಚ್ಚಾಗಿಯೂ ಕೆಲವು ಸೀಮೆಗಳಿಂದ ಕಡಿಮೆಯಾಗಿಯೂ ಬರುವುದನ್ನು ಗಮನಿಸಿದರು. ಇಂಗ್ಲೆಂಡಿಗೆ ಹಿಂದಿರುಗಿದ ನಂತರವೂ ಅವರು ಈ ಪ್ರಶ್ನೆಯನ್ನು ಬಿಡಲಿಲ್ಲ. ಭಾರತ ಮತ್ತು ಬಾಂಗ್ಲಾದೇಶಗಳಲ್ಲಿ ಹೊಟ್ಟೆಹುಣ್ಣಿನ ಹಂಚಿಕೆಯನ್ನು ಕುರಿತ ಅವರ ವಿಸ್ತಾರವಾದ ಲೇಖನ 1979ರಲ್ಲಿ ‘ಗಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮರುವರ್ಷ ಜಯರಾಜ್ ಮತ್ತು ಕ್ಲಾರ್ಕ್ ಅವರೊಂದಿಗೆ ಪ್ರಕಟಿಸಿದ ಲೇಖನದಲ್ಲಿ, ಹುಣ್ಣು ವಿರಳವಾಗಿರುವ ಸೀಮೆಗಳ ಆಹಾರಧಾನ್ಯಗಳಲ್ಲಿ ರಕ್ಷಕಾಂಶಗಳಿರಬಹುದೇ ಎಂಬುದನ್ನು ಇಲಿಗಳ ಮೇಲಿನ ಪ್ರಯೋಗಗಳಿಂದ ಪರೀಕ್ಷಿಸಲಾಗಿತ್ತು. ಹೀಗೆ ಗಮನ ಸೆಳೆದ ಕಾಳುಗಳಲ್ಲಿ ಹುರುಳಿ ಮುಖ್ಯವಾದುದು. ಅದರ ಜಿಡ್ಡಿನ ಅಂಶದಲ್ಲಿ ರಕ್ಷಣೆಯ ಗುಣ ಅಡಗಿದೆಯೆಂದು ಈ ಸಂಶೋಧಕರು ಪ್ರತಿಪಾದಿಸಿದರು. ಇಲಿಗಳಲ್ಲಿ ಕಂಡುದು ಮನುಷ್ಯರಿಗೆ ನೇರವಾಗಿ ಅನ್ವಯಿಸುವುದಿಲ್ಲ. ಹುರುಳಿಯಿಂದ ಕ್ಯಾನ್ಸರ್ ತಡೆಯಬಹುದೆಂಬ ಅರ್ಥವನ್ನೂ ಇದರಿಂದ ಹೊರಡಿಸುವಂತಿಲ್ಲ. ಆದರೂ ಬಯಲುಸೀಮೆಯ ಬಡವರ ಕಾಳೊಂದು ಅಂತರರಾಷ್ಟ್ರೀಯ ವೈದ್ಯ ಸಾಹಿತ್ಯದಲ್ಲಿ ಗಂಭೀರವಾದ ಚರ್ಚೆಗೆ ವಸ್ತುವಾದುದು ಗಮನಾರ್ಹ.

ಟೋವಿ ಅವರ ಸಂಶೋಧನೆಯ ಎರಡನೆಯ ಮುಖ ಪ್ರಸ್ತುತ ವಿಷಯಕ್ಕೆ ಇನ್ನೂ ಹತ್ತಿರವಾದುದು. ಜಠರಛೇದನಕ್ಕೆ ಒಳಗಾದವರನ್ನು ಅವರು ಇಂಗ್ಲೆಂಡಿನಲ್ಲಿ ದೀರ್ಘಕಾಲ ಹಿಂಬಾಲಿಸಿದರು. ಅಂಥವರಲ್ಲಿ ಕಬ್ಬಿಣಾಂಶದ ಕೊರತೆ, ಬಿ12 ಜೀವಸತ್ವದ ಕೊರತೆ, ಮೂಳೆಗಳ ಸವೆತ ಇವು ಶಸ್ತ್ರಚಿಕಿತ್ಸೆಯಾದ ಎಷ್ಟೋ ವರ್ಷಗಳ ಮೇಲೆ ನಿಧಾನವಾಗಿ ತಲೆದೋರುತ್ತವೆ. ಇಂಥವರನ್ನು 20ರಿಂದ 30 ವರ್ಷಗಳವರೆಗೆ ಗಮನಿಸುತ್ತಿರಬೇಕೆಂದು ಟೋವಿ ಮತ್ತು ಹಾಬ್‌ಸ್ಲಿ 2000ದಲ್ಲಿ ಪ್ರಕಟಿಸಿದ ಲೇಖನದ ಶೀರ್ಷಿಕೆಯೇ ಸಾರುತ್ತದೆ. ಉಳಿಕೆ ಜಠರದಲ್ಲಿ ಕ್ಯಾನ್ಸರ್ ಮೂಡುವ ಅವಧಿಯೂ ಹೆಚ್ಚುಕಡಿಮೆ ಇಷ್ಟೇ. ಹೀಗೆ ಮೈಸೂರಿನ ಆಸ್ಪತ್ರೆಯಲ್ಲಿ ಅನುಭವ ಪಡೆದ ವೈದ್ಯರೊಬ್ಬರು ಶಸ್ತ್ರಚಿಕಿತ್ಸೆ ಎಂಬುದು ಹೊಲಿಗೆ ಬಿಚ್ಚಿದ ದಿನ ಮುಗಿಯುವ ಘಟನೆಯಲ್ಲವೆಂಬ ತಿಳಿವಳಿಕೆಯನ್ನು ಬಲಪಡಿಸಿದರು.

ಉಳಿಕೆ ಜಠರದಲ್ಲಿ ಆಗುವ ಬದಲಾವಣೆಗಳು

ಹುಣ್ಣಿನಂಥ ಕ್ಯಾನ್ಸರ್ ಅಲ್ಲದ ಕಾಯಿಲೆಗಾಗಿ ಜಠರದ ಭಾಗವನ್ನು ತೆಗೆದು ಕನಿಷ್ಠ ಐದು ವರ್ಷಗಳಾದ ಮೇಲೆ ಉಳಿದ ಭಾಗದಲ್ಲಿ ಮೂಡುವ ಕ್ಯಾನ್ಸರನ್ನು ಉಳಿಕೆ ಜಠರದ ಕ್ಯಾನ್ಸರ್ ಎಂದು ಸಾಂಪ್ರದಾಯಿಕವಾಗಿ ವ್ಯಾಖ್ಯಾನಿಸಲಾಗಿದೆ. ಮೊದಲ ಶಸ್ತ್ರಚಿಕಿತ್ಸೆಯೇ ಕ್ಯಾನ್ಸರ್‌ಗಾಗಿ ನಡೆದಿದ್ದು, ಆನಂತರ ಮೂಡುವ ಹೊಸ ಕ್ಯಾನ್ಸರನ್ನೂ ಜಪಾನಿನ ವೈದ್ಯರು ಇದರಲ್ಲಿ ಸೇರಿಸುತ್ತಾರೆ.

ಇದು ಮೂಡುವ ಬಗೆಯನ್ನು ತಿಳಿಯಲು ಆರೋಗ್ಯವಂತ ಜಠರದ ರಚನೆಯನ್ನು ನೆನೆಯಬೇಕು. ಜಠರದ ಕೆಳತುದಿಯಲ್ಲಿರುವ ಪೈಲೋರಸ್ ಎಂಬ ಬಿಗಿಯಾದ ದ್ವಾರ ಆಹಾರವನ್ನು ಸ್ವಲ್ಪಸ್ವಲ್ಪವಾಗಿ ಕರುಳಿಗೆ ಬಿಡುತ್ತದೆ; ಕರುಳಿನ ಪಿತ್ತರಸ ಹಿಂದಕ್ಕೆ ಹರಿಯದಂತೆ ತಡೆಯುತ್ತದೆ. ಅದರ ಪಕ್ಕದ ಆಂಟ್ರಮ್ ಭಾಗ ಗ್ಯಾಸ್ಟ್ರಿನ್ ಎಂಬ ಹಾರ್ಮೋನನ್ನು ಸ್ರವಿಸಿ ಆಮ್ಲದ ಉತ್ಪತ್ತಿಯನ್ನು ನಡೆಸುತ್ತದೆ. ಭಾಗಶಃ ಜಠರಛೇದನದಲ್ಲಿ ಇವೆರಡೂ ಹೋಗುತ್ತವೆ. ಇದರಿಂದ ಎರಡು ಪರಿಣಾಮಗಳು ಒಟ್ಟಿಗೆ ಉಂಟಾಗುತ್ತವೆ. ಮೊದಲನೆಯದಾಗಿ, ಪಿತ್ತರಸ ಮತ್ತು ಮೇದೋಜೀರಕ ರಸ ಎಡೆಬಿಡದೆ ಜಠರದೊಳಕ್ಕೆ ಹರಿದು, ಅವುಗಳಿಗೆ ಒಗ್ಗದ ಲೋಳೆಪೊರೆಯನ್ನು ಕೆರಳಿಸುತ್ತವೆ. ಹಾನಿಗೊಂಡ ಜೀವಕೋಶಗಳ ಜಾಗದಲ್ಲಿ ಹೊಸ ಜೀವಕೋಶಗಳು ಅತಿವೇಗದಲ್ಲಿ ಹುಟ್ಟುತ್ತವೆ. ಎರಡನೆಯದಾಗಿ, ಆಮ್ಲ ಕಡಿಮೆಯಾಗುವುದರಿಂದ, ಸಾಮಾನ್ಯವಾಗಿ ಜಠರದಲ್ಲಿ ಬದುಕಲಾರದ ಬ್ಯಾಕ್ಟೀರಿಯಾಗಳು ಅಲ್ಲಿ ಬೆಳೆಯುತ್ತವೆ. ಇವು ಆಹಾರ ಮತ್ತು ನೀರಿನಲ್ಲಿರುವ ನೈಟ್ರೇಟನ್ನು ನೈಟ್ರೈಟಾಗಿ ಬದಲಿಸುತ್ತವೆ. ಅದರಿಂದ ಉಂಟಾಗುವ ನೈಟ್ರೊಸೊ ಸಂಯುಕ್ತಗಳು ಕ್ಯಾನ್ಸರ್‌ಕಾರಕಗಳು.

ಹೀಗೆ ವರ್ಷಗಟ್ಟಲೆ ನಡೆದಾಗ ಲೋಳೆಪೊರೆ ಮೊದಲು ಉರಿಯೂತಕ್ಕೆ ಒಳಗಾಗುತ್ತದೆ. ಬಳಿಕ ಅದರ ಗ್ರಂಥಿಗಳು ಸವೆಯುತ್ತವೆ. ಅನಂತರ ಜಠರದ ಜೀವಕೋಶಗಳ ಜಾಗದಲ್ಲಿ ಕರುಳಿನ ಬಗೆಯ ಜೀವಕೋಶಗಳು ಕಾಣಿಸಿಕೊಳ್ಳುತ್ತವೆ. ಕೊನೆಗೆ ಅವುಗಳ ರೂಪ ಕೆಟ್ಟು ಕ್ಯಾನ್ಸರ್‌ಗೆ ಎಡೆಯಾಗುತ್ತದೆ. ಜಠರದ ಕ್ಯಾನ್ಸರ್‌ನ ಈ ಮೆಟ್ಟಿಲುಗಳ ಕಲ್ಪನೆಯನ್ನು 1975ರಲ್ಲಿ ಪೆಲಾಯೊ ಕೊರ್ರೆಯ ಮತ್ತು ಸಂಗಡಿಗರು ಮಂಡಿಸಿದರು. ಹುಣ್ಣಿಗಾಗಿ ಶಸ್ತ್ರಚಿಕಿತ್ಸೆಯಾದವರಲ್ಲಿ ಕ್ಯಾನ್ಸರ್ ಹೆಚ್ಚಾಗಿ ಮೂಡುವುದು ಜಠರ ಮತ್ತು ಕರುಳು ಸೇರುವ ಜೋಡಣೆಯ ಅಂಚಿನಲ್ಲಿ. ಪಿತ್ತರಸ ಮೊದಲು ತಾಗುವುದೂ ಅಲ್ಲಿಯೇ. ಪಿತ್ತರಸ ಹೆಚ್ಚು ಹರಿಯುವ ಬಿಲ್‌ರಾತ್ ಎರಡು ಕ್ರಮದ ನಂತರ ಅಪಾಯವು ಬಿಲ್‌ರಾತ್ ಒಂದಕ್ಕಿಂತ ಹೆಚ್ಚೆಂಬುದೂ ಈ ವಿವರಣೆಗೆ ಹೊಂದುತ್ತದೆ. ಜಠರವನ್ನು ಕತ್ತರಿಸದೆ ಪಕ್ಕದ ದಾರಿಯನ್ನಷ್ಟೇ ಮಾಡಿದವರಲ್ಲಿಯೂ ಇಂಥ ಕ್ಯಾನ್ಸರ್ ವರದಿಯಾಗಿದೆ. 1982ರಲ್ಲಿ ವಾರೆನ್ ಮತ್ತು ಮಾರ್ಷಲ್ ಬೆಳಕಿಗೆ ತಂದ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಉಳಿಕೆ ಜಠರದಲ್ಲಿಯೂ ನೆಲೆಸಬಲ್ಲದು. ಎಪ್‌ಸ್ಟೀನ್–ಬಾರ್ ವೈರಸ್‌ನ ಕುರುಹು ಸಾಮಾನ್ಯ ಜಠರದ ಕ್ಯಾನ್ಸರ್‌ಗಿಂತ ಉಳಿಕೆ ಜಠರದ ಕ್ಯಾನ್ಸರ್‌ನಲ್ಲಿ ಹೆಚ್ಚಾಗಿ ಕಂಡುಬಂದಿದೆ. ಆದುದರಿಂದ ಕಾರಣ ಒಂದೇ ಅಲ್ಲ. ಹಲವು ಕಾರಣಗಳು ಕೂಡಿ ನಿಧಾನವಾಗಿ ಕೆಲಸ ಮಾಡುತ್ತವೆ.

ಕಾಲದ ಅಂಶವೇ ಈ ರೋಗದ ಮುಖ್ಯ ಲಕ್ಷಣ. 1990ರಲ್ಲಿ ಟರ್ಸ್‌ಮೆಟ್ ಮತ್ತು ಸಂಗಡಿಗರು ಆವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಶಸ್ತ್ರಚಿಕಿತ್ಸೆಯಾದ 15 ವರ್ಷಗಳ ನಂತರ ಅಪಾಯ ಏರುವುದು ಸ್ಪಷ್ಟವಾಯಿತು. ಆರಂಭದ ವರ್ಷಗಳಲ್ಲಿ ಅಪಾಯ ಇತರರಿಗಿಂತ ಹೆಚ್ಚಿರುವುದಿಲ್ಲ. ಕ್ಯಾನ್ಸರ್ ಸಾಮಾನ್ಯವಾಗಿ ಮೂಡುವ ಕೆಳಭಾಗವೇ ತೆಗೆದುಹೋಗಿರುವುದು ಇದಕ್ಕೊಂದು ಕಾರಣ. ಮೂಲದಲ್ಲಿ ಜಠರದ ಹುಣ್ಣಿದ್ದವರಿಗೆ ಡುಯೋಡಿನಮ್‌ನ ಹುಣ್ಣಿದ್ದವರಿಗಿಂತ ಅಪಾಯ ಹೆಚ್ಚು. ಶಸ್ತ್ರಚಿಕಿತ್ಸೆಯಾದವರಲ್ಲಿ ಬಹುಪಾಲು ಜನರಿಗೆ ಈ ಕ್ಯಾನ್ಸರ್ ಬರುವುದೇ ಇಲ್ಲವೆಂಬುದನ್ನೂ ಹೇಳಬೇಕು. ಆದರೆ ಬಂದವರಲ್ಲಿ ಅದು ತಡವಾಗಿ ಪತ್ತೆಯಾಗುತ್ತದೆ. ಹೊಟ್ಟೆ ಬೇಗ ತುಂಬುವುದು, ತೂಕ ಇಳಿಯುವುದು, ರಕ್ತಹೀನತೆ ಇವೆಲ್ಲ ಹಳೆಯ ಶಸ್ತ್ರಚಿಕಿತ್ಸೆಯ ಸಹಜ ಪರಿಣಾಮಗಳಂತೆಯೇ ತೋರುತ್ತವೆ. ‘ಆಪರೇಷನ್ ಆದ ಹೊಟ್ಟೆ, ಹೀಗೇ ಇರುತ್ತದೆ’ ಎಂದು ರೋಗಿಯೂ ಮನೆಯವರೂ ಸುಮ್ಮನಿದ್ದುಬಿಡುವುದು ಸಹಜ. ಎಂಡೋಸ್ಕೋಪಿಯಿಂದ ಆರಂಭದಲ್ಲಿಯೇ ಕಂಡುಹಿಡಿದರೆ ಉಳಿದ ಜಠರವನ್ನು ಪೂರ್ಣವಾಗಿ ತೆಗೆದು ಗುಣಪಡಿಸುವ ಅವಕಾಶವಿದೆ.

ಗ್ರಾಮಾಂತರ ತಾಲ್ಲೂಕುಗಳು ಮತ್ತು ದಾಖಲೆಯ ಪ್ರಶ್ನೆ

ಬೆಂಗಳೂರು ಜಿಲ್ಲೆ 1986ರ ಆಗಸ್ಟ್ 15ರಂದು ನಗರ ಮತ್ತು ಗ್ರಾಮಾಂತರ ಎಂದು ಎರಡಾಯಿತು. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳು ಬೇರೆ ಜಿಲ್ಲೆಯಾದಾಗ ಗ್ರಾಮಾಂತರ ಜಿಲ್ಲೆಯಲ್ಲಿ ನಾಲ್ಕು ತಾಲ್ಲೂಕುಗಳು ಉಳಿದವು. ಈ ನಾಲ್ಕರ ತಾಲ್ಲೂಕು ಕೇಂದ್ರಗಳೂ ಬೆಂಗಳೂರಿನಿಂದ ಸುಮಾರು 25ರಿಂದ 40 ಕಿಲೋಮೀಟರ್ ದೂರದಲ್ಲಿವೆ. ಹೀಗಾಗಿ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಗೆ ಇಲ್ಲಿನ ಜನರ ಸಹಜವಾದ ದಾರಿ ಬೆಂಗಳೂರಿನ ಕಡೆಗೇ ಇತ್ತು. 1900ರಲ್ಲಿ ಲಾರ್ಡ್ ಕರ್ಜನ್ ಉದ್ಘಾಟಿಸಿದ ವಿಕ್ಟೋರಿಯಾ ಆಸ್ಪತ್ರೆ, ದಂಡು ಪ್ರದೇಶದ ಬೌರಿಂಗ್ ಆಸ್ಪತ್ರೆ, ಸೇಂಟ್ ಮಾರ್ಥಾಸ್ ಆಸ್ಪತ್ರೆ ಇವು ಆ ದಾರಿಯ ಕೊನೆಯಲ್ಲಿದ್ದವು. 1955ರಲ್ಲಿ ಬೆಂಗಳೂರು ವೈದ್ಯಕೀಯ ಕಾಲೇಜು ಆರಂಭವಾದ ನಂತರ ವಿಕ್ಟೋರಿಯಾ ಬೋಧನಾ ಆಸ್ಪತ್ರೆಯೂ ಆಯಿತು. ಜಿಲ್ಲೆಯೊಳಗೆ ಹೊಸಕೋಟೆಯಲ್ಲಿ ವೈದ್ಯಕೀಯ ಕಾಲೇಜು ಬಂದದ್ದು 2001ರಲ್ಲಿ. ಅಷ್ಟರೊಳಗೆ ಹುಣ್ಣಿನ ಶಸ್ತ್ರಚಿಕಿತ್ಸೆಯ ಕಾಲ ಬಹುಮಟ್ಟಿಗೆ ಮುಗಿದಿತ್ತು.

ಕ್ಯಾನ್ಸರ್ ಚಿಕಿತ್ಸೆಯ ಕೇಂದ್ರ ಬೇರೆಯಾಗಿತ್ತು. 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1980ರಲ್ಲಿ ಸ್ವಾಯತ್ತತೆ ಪಡೆಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದಡಿ 1982ರಿಂದ ಮುಂಬಯಿ, ಮದರಾಸುಗಳೊಂದಿಗೆ ಬೆಂಗಳೂರಿನಲ್ಲಿಯೂ ಜನಸಂಖ್ಯಾ ಆಧಾರಿತ ನೋಂದಣಿ ಆರಂಭವಾಯಿತು. ಬೆಂಗಳೂರಿನ ಪುರುಷರಲ್ಲಿ ಜಠರದ ಕ್ಯಾನ್ಸರ್ ಪ್ರಮುಖ ಕ್ಯಾನ್ಸರ್‌ಗಳಲ್ಲೊಂದೆಂಬುದು ಈ ನೋಂದಣಿಯಿಂದ ಖಚಿತವಾಯಿತು. ಆದರೆ ಅದರ ವ್ಯಾಪ್ತಿ ಬೆಂಗಳೂರು ನಗರ ಪ್ರದೇಶ. ನೆಲಮಂಗಲದ ಹಳ್ಳಿಯವರೊಬ್ಬರು ಅದೇ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೂ ನಗರದ ನಿವಾಸಿಯಲ್ಲವಾದ ಕಾರಣ ಆ ಲೆಕ್ಕದಲ್ಲಿ ಸೇರುವುದಿಲ್ಲ. ಇದು ನೋಂದಣಿಯ ದೋಷವಲ್ಲ. ನಿರ್ದಿಷ್ಟ ಜನಸಂಖ್ಯೆಗೆ ಪ್ರಮಾಣವನ್ನು ಲೆಕ್ಕ ಹಾಕಲು ಅಂಥ ಗಡಿ ಅಗತ್ಯ. ಆದರೆ ಅದರ ಪರಿಣಾಮವಾಗಿ ಗ್ರಾಮಾಂತರದ ರೋಗಿಯ ಜೀವನ ಚರಿತ್ರೆ ಎರಡು ಕಡೆ ಹರಿದುಹೋಗುತ್ತದೆ. ಶಸ್ತ್ರಚಿಕಿತ್ಸೆಯ ಕಾಗದ ಒಂದು ಆಸ್ಪತ್ರೆಯಲ್ಲಿ, ಕ್ಯಾನ್ಸರ್‌ನ ಕಾಗದ ಇನ್ನೊಂದರಲ್ಲಿ; ಎರಡರ ನಡುವಿನ ಇಪ್ಪತ್ತೈದು ವರ್ಷಗಳಿಗೆ ರೋಗಿಯ ನೆನಪೊಂದೇ ಸಾಕ್ಷಿ.

ಹಳ್ಳಿಗಳಲ್ಲಿ ದೀರ್ಘಕಾಲದ ಅನುಸರಣೆ ಅಸಾಧ್ಯವೆಂದು ಹೇಳುವಂತೆಯೂ ಇಲ್ಲ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1961ರಿಂದ 1968ರವರೆಗೆ ಅಂದಿನ ಬೆಂಗಳೂರು ಜಿಲ್ಲೆಯ ಮೂರು ತಾಲ್ಲೂಕುಗಳ 119 ಹಳ್ಳಿಗಳಲ್ಲಿ ಸುಮಾರು 65,000 ಜನರನ್ನು ಮತ್ತೆಮತ್ತೆ ಪರೀಕ್ಷಿಸಿ ಕ್ಷಯದ ನಡೆಯನ್ನು ಅಧ್ಯಯನ ಮಾಡಿತು. ಐದು ವರ್ಷಗಳ ಅವಧಿಯನ್ನು ಕುರಿತ ಆ ಅಧ್ಯಯನದ ಫಲಿತಾಂಶ 1974ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಗಿ ಲೋಕಮಾನ್ಯವಾಯಿತು. ಮನೆಮನೆಯ ಪಟ್ಟಿ, ಹೆಸರು, ವಯಸ್ಸು, ಮರುಭೇಟಿ ಇವನ್ನೆಲ್ಲ ಈ ನೆಲದ ಹಳ್ಳಿಗಳಲ್ಲಿ ಸಾಧಿಸಿ ತೋರಿಸಲಾಗಿತ್ತು. ಕ್ಷಯ ಒಬ್ಬರಿಂದೊಬ್ಬರಿಗೆ ಹರಡುವ ರೋಗ. ಅದನ್ನು ಹಿಂಬಾಲಿಸುವುದು ಸರ್ಕಾರದ ಹೊಣೆಯೆಂದು ಎಲ್ಲರೂ ಒಪ್ಪಿದ್ದರು. ಶಸ್ತ್ರಚಿಕಿತ್ಸೆಯಾದ ಜಠರ ಒಬ್ಬ ವ್ಯಕ್ತಿಯ ಖಾಸಗಿ ಸಂಗತಿಯಾಗಿ ಉಳಿಯಿತು. ಅಡ್ಡಿಯಾದದ್ದು ಹಳ್ಳಿಗಳ ದೂರವಲ್ಲ, ಈ ದೃಷ್ಟಿಭೇದ.

ಮುಗಿಯುತ್ತಿರುವ ಒಂದು ಪೀಳಿಗೆ

1976ರಲ್ಲಿ ಸಿಮೆಟಿಡಿನ್, ಆ ಬಳಿಕ ಒಮೆಪ್ರಜೋಲ್ ಮಾರುಕಟ್ಟೆಗೆ ಬಂದವು. ಹೆಲಿಕೋಬ್ಯಾಕ್ಟರ್ ಅನ್ನು ಆಂಟಿಬಯೋಟಿಕ್‌ಗಳಿಂದ ನಿವಾರಿಸುವ ಚಿಕಿತ್ಸೆ ರೂಢಿಗೆ ಬಂದಿತು. ವಾರೆನ್ ಮತ್ತು ಮಾರ್ಷಲ್ ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಹುಣ್ಣಿಗಾಗಿ ಜಠರವನ್ನು ಕತ್ತರಿಸುವ ಅಗತ್ಯ ಈಗ ಅತಿ ವಿರಳ. ಹಾಗಾಗಿ ಈ ಚಿಕಿತ್ಸೆ ಪಡೆದವರು ಒಂದು ನಿರ್ದಿಷ್ಟ ಪೀಳಿಗೆಗೆ ಸೇರಿದವರು. 1980ರಲ್ಲಿ ಮೂವತ್ತು ವರ್ಷದವರಾಗಿ ಶಸ್ತ್ರಚಿಕಿತ್ಸೆಗೆ ಒಳಗಾದವರಿಗೆ ಈಗ ಎಪ್ಪತ್ತೈದು ದಾಟಿದೆ. ಅಪಾಯದ ಅವಧಿಯಲ್ಲಿಯೇ ಅವರು ಇದ್ದಾರೆ. ಇತ್ತ 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಆರಂಭವಾದ ನಂತರ ಸುತ್ತಲಿನ ಹಳ್ಳಿಗಳ ಬದುಕು, ಬೆಳೆ, ಊಟ ಎಲ್ಲವೂ ವೇಗವಾಗಿ ಬದಲಾಗಿವೆ. ಹಳೆಯ ಮನೆಗಳೊಂದಿಗೆ ಹಳೆಯ ಟ್ರಂಕುಗಳಲ್ಲಿದ್ದ ಆಸ್ಪತ್ರೆಯ ಚೀಟಿಗಳೂ ಕಣ್ಮರೆಯಾಗುವ ಕಾಲವಿದು. 2021ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಯೋಜನೆ ಮುಂದಿನ ದಾಖಲೆಗಳನ್ನು ಜೋಡಿಸಬಲ್ಲದು. ಆದರೆ ನಲವತ್ತು ವರ್ಷ ಹಿಂದಿನ ಶಸ್ತ್ರಚಿಕಿತ್ಸೆಯನ್ನು ಯಾರಾದರೂ ಕೇಳಿ ಬರೆದುಕೊಳ್ಳದ ಹೊರತು ಅದು ಅದರಲ್ಲಿ ಸೇರುವುದಿಲ್ಲ.

ಇಂಥ ಸಂಗತಿಯಲ್ಲಿ ಇತಿಹಾಸಕಾರನ ಕೆಲಸವೂ ವೈದ್ಯನ ಕೆಲಸವೂ ಒಂದೆಡೆ ಸೇರುತ್ತವೆ. ಹೊಟ್ಟೆಯ ಮೇಲಿನ ಹಳೆಯ ಗಾಯದ ಗುರುತು ಒಂದು ದಾಖಲೆ. ಯಾವ ವರ್ಷ, ಯಾವ ಆಸ್ಪತ್ರೆ, ಏಕೆ ಎಂದು ಕೇಳಿದರೆ ಅದು ಮಾತನಾಡುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಹಾಗೂ ಆಶಾ ಕಾರ್ಯಕರ್ತೆಯರು ಹಿರಿಯರ ತಪಾಸಣೆಯಲ್ಲಿ ಈ ಮೂರು ಪ್ರಶ್ನೆಗಳನ್ನು ಕೇಳಿದರೆ, ರಕ್ತಹೀನತೆಯೂ ತೂಕದ ಇಳಿತವೂ ಕಂಡವರನ್ನು ಎಂಡೋಸ್ಕೋಪಿಗೆ ಕಳುಹಿಸಲು ಸಾಧ್ಯವಾಗುತ್ತದೆ. ವೈದ್ಯಕೀಯ ಕಾಲೇಜುಗಳ ಹಳೆಯ ಶಸ್ತ್ರಚಿಕಿತ್ಸಾ ನೋಂದಣಿ ಪುಸ್ತಕಗಳನ್ನು ನಿರುಪಯುಕ್ತ ಕಾಗದವೆಂದು ವಿಲೇವಾರಿ ಮಾಡದೆ, ಶಾಸನ ಮತ್ತು ಕಡತಗಳಿಗೆ ಸಲ್ಲುವ ಗೌರವದಿಂದ ಸಂರಕ್ಷಿಸುವುದೂ ಅಷ್ಟೇ ಅಗತ್ಯ.

ಒಟ್ಟಾರೆ ಹೇಳುವುದಾದರೆ, ಉಳಿಕೆ ಜಠರದ ಕ್ಯಾನ್ಸರ್ ಒಂದು ಅಂಗದ ರೋಗವಾಗಿರುವಂತೆಯೇ ಕಾಲದ ರೋಗವೂ ಆಗಿದೆ. ಕಾಲು ಶತಮಾನದ ಹಿಂದಿನ ಘಟನೆಯೊಂದನ್ನು ಇಂದಿನ ಲಕ್ಷಣದೊಂದಿಗೆ ಜೋಡಿಸಿದಾಗ ಮಾತ್ರ ಅದರ ಅರ್ಥ ತಿಳಿಯುತ್ತದೆ. ಹುಣ್ಣು ಯಾವ ಸೀಮೆಯಿಂದ ಬರುತ್ತದೆಂದು ಮೈಸೂರಿನಲ್ಲಿ ಕೇಳಿದ ವೈದ್ಯರು ಮುಂದೆ ಶಸ್ತ್ರಚಿಕಿತ್ಸೆಯಾದವರನ್ನು ಮೂವತ್ತು ವರ್ಷ ಬಿಡದೆ ನೋಡಬೇಕೆಂಬ ನಿಲುವಿಗೆ ಬಂದರು. ಆ ನಿಲುವು ಅವರ ಕಾರ್ಯಕ್ಷೇತ್ರವಾಗಿದ್ದ ನಾಡಿನಲ್ಲಿಯೇ ಇನ್ನೂ ಆಚರಣೆಗೆ ಬರಬೇಕಾಗಿದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಹಳ್ಳಿಗಳಲ್ಲಿ ಆ ಪೀಳಿಗೆಯವರು ಇನ್ನೂ ಇರುವಾಗಲೇ ಈ ಕೆಲಸ ನಡೆದರೆ, ಅದರಿಂದ ವೈದ್ಯಕೀಯ ಇತಿಹಾಸಕ್ಕೂ ಅವರ ಆರೋಗ್ಯಕ್ಕೂ ಒಳಿತಾಗುತ್ತದೆ.